ಕರಾವಳಿಯ ಸೆಕೆಯಲ್ಲಿ ಪುಟ್ಟ ಮಗುವಿಗೆ ಮುಖದ ಮಾಸ್ಕ್: ನಮ್ಮ ಅನುಭವ

ಮಂಗಳೂರು, ಉಡುಪಿ ಕಡೆಯ ಸೆಕೆಯಲ್ಲಿ 4 ವರ್ಷದ ಮಗು ಸುಟ್ಟ ಗಾಯದ ಕಲೆಯನ್ನು ಒತ್ತಿ ಹಿಡಿಯುವ ಪ್ಲಾಸ್ಟಿಕ್ ಮಾಸ್ಕನ್ನು ದಿನಕ್ಕೆ ಇಪ್ಪತ್ತು ಗಂಟೆ ಹಾಕಿಕೊಂಡಿರುವುದು ಆಗದ ಮಾತು ಎಂದು ಈ ಕ್ಷೇತ್ರದ ಹಿರಿಯರೇ ಹೇಳಿದ್ದರು. ಕಲೆಗೆ ಹಚ್ಚುವ ಸಿಲಿಕೋನ್ ಜೆಲ್ ಬರೆದುಕೊಟ್ಟು ಕಳಿಸಿ, ದೊಡ್ಡದಾದ ಮೇಲೆ ಸರ್ಜರಿ ಮಾಡಿಸಿಕೊಳ್ಳಲಿ ಎಂಬುದೇ ಬಹುತೇಕರ ಸಲಹೆ. ಈಗ ಆ ಮಗುವಿನ ಕೆನ್ನೆ ಮಟ್ಟಸವಾಗಿದೆ, ಬಾಯಿ ಚೆನ್ನಾಗಿ ತೆರೆಯುತ್ತದೆ, ಅಂಗನವಾಡಿಗೆ ತಾನಾಗಿಯೇ ಹೊರಡುತ್ತದೆ. ಸುಟ್ಟ ಗಾಯದ ಪುನರ್ವಸತಿಯಲ್ಲಿ ಕೆಲಸ ಮಾಡುವವರಿಗೆ ಉಪಯೋಗವಾಗಲೆಂದು ಬರೆಯುತ್ತಿದ್ದೇನೆ. ಡ್ರೆಸ್ಸಿಂಗ್, ಗ್ರಾಫ್ಟ್ (ಚರ್ಮದ ಕಸಿ) ನಿಮಗೆಲ್ಲ ಗೊತ್ತಿರುವ ವಿಚಾರ, ಅದಕ್ಕೆ ಹೋಗುವುದಿಲ್ಲ.

ಬಿಸಿ ಗಂಜಿ ಮಗುಚಿದ ಪ್ರಕರಣ. ಸುಟ್ಟದ್ದು ಬಲಗೆನ್ನೆ, ಬಾಯಿಯ ಮೂಲೆ, ಗದ್ದ. ಗಾಯ ಮುಚ್ಚಲು 3 ವಾರ ದಾಟಿತ್ತು. ಅಷ್ಟು ತಡವಾದರೆ ಕಲೆ ದಪ್ಪವಾಗುವ ಸಂಭವವೇ ಹೆಚ್ಚು, ಕಾದು ನೋಡುವುದರಲ್ಲಿ ಅರ್ಥವಿಲ್ಲ.

ಮೊದಲ ತೊಡಕು ಮಾಸ್ಕಿಗೆ ಬೇಕಾದ ಮುಖದ ಅಚ್ಚಿನದು. ಎಚ್ಚರದಲ್ಲಿರುವ ಮಗುವಿನ ಮುಖಕ್ಕೆ ಪ್ಲಾಸ್ಟರ್ ಹಚ್ಚಿದರೆ ಆಮೇಲೆ ಒಂದು ತಿಂಗಳು ಅದು ನಮ್ಮನ್ನು ಹತ್ತಿರ ಸೇರಿಸುವುದಿಲ್ಲ. ಇದಕ್ಕಾಗಿ ಮಂಪರು ಕೊಡಿಸುವುದೂ ನಮಗೆ ಸರಿ ಕಾಣಲಿಲ್ಲ. ಮುಖ ಗುರುತಿಸುವ ಐಫೋನಿನ ಮುಂಭಾಗದ ಕ್ಯಾಮೆರಾದಲ್ಲಿ ಸ್ಕ್ಯಾನ್ ಮಾಡಿದೆವು, ಮಗು ಅಮ್ಮನ ತೊಡೆಯ ಮೇಲೆ ಕೂತು ಕಾರ್ಟೂನ್ ನೋಡುತ್ತಿತ್ತು. ಅದನ್ನು 3ಡಿ ಪ್ರಿಂಟ್ ಮಾಡಿಸಿ ಅದರ ಮೇಲೆಯೇ ಮಾಸ್ಕಿನ ಬಿಸಿ ಪ್ಲಾಸ್ಟಿಕ್ ಹಾಳೆ ಎಳೆದರೆ ಮೂಗೇ ಕುಸಿಯುತ್ತದೆ. ಪಿಎಲ್‌ಎ ಎಂಬ ಪ್ರಿಂಟಿನ ಪ್ಲಾಸ್ಟಿಕ್ 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, ಹಾಳೆಯ ಬಿಸಿ ಅದರ ಎರಡರಷ್ಟು. ಹಾಗಾಗಿ ಪ್ರಿಂಟನ್ನು ಒಳಮುಖದ ಅಚ್ಚಾಗಿ ತೆಗೆಸಿ, ಅದರೊಳಗೆ ಪ್ಲಾಸ್ಟರ್ ಸುರಿದು ಮುಖ ತೆಗೆಯಬೇಕು. ಪ್ಲಾಸ್ಟರ್ ಪೂರ್ತಿ ಒಣಗಲೇಬೇಕು. ಮಳೆಗಾಲದಲ್ಲಿ ಇದಕ್ಕೆ ವಾರ ಹಿಡಿಯುತ್ತದೆ. ಹಸಿ ಉಳಿದರೆ ಆವಿ ಎದ್ದು ಹಾಳೆಯಲ್ಲಿ ಗುಳ್ಳೆ ಬರುತ್ತದೆ.

ನಿಜವಾದ ಕೆಲಸ ಇರುವುದು ಆ ಪ್ಲಾಸ್ಟರ್ ಮುಖದ ಮೇಲೆ. ಕಲೆ ಉಬ್ಬಿರುವಲ್ಲಿ 1ರಿಂದ 2 ಮಿ.ಮೀ. ಉಜ್ಜಿ ತೆಗೆಯಿರಿ, ಒತ್ತಡ ಅಲ್ಲಿ ಬೀಳಲಿ. ಮೂಗಿನ ದಂಡೆ, ಹುಬ್ಬಿನ ಎಲುಬು, ದವಡೆಯ ಅಂಚಿಗೆ ತುಸು ಪ್ಲಾಸ್ಟರ್ ಸೇರಿಸಿ, ಅಲ್ಲಿ ಒತ್ತಡ ಬೇಡ. ಬಾಯಿಯ ಮೂಲೆಯಲ್ಲಿ ಎಷ್ಟು, ಯಾವ ಕೋನದಲ್ಲಿ ಉಜ್ಜುತ್ತೇವೆ ಎನ್ನುವುದನ್ನು ಬರಹದಲ್ಲಿ ಹೇಳಲಾರೆ. ಅದು ಕೈ ಹಿಡಿದು ಕಲಿಸಬೇಕಾದದ್ದು, ಓದಿಕೊಂಡು ಮಾಡಿದರೆ ತುಟಿ ಎಳೆದುಕೊಳ್ಳುತ್ತದೆ. ಬಂದವರಿಗೆ ತೋರಿಸುತ್ತೇವೆ.

ಬಿಸಿ ಹಾಳೆಯನ್ನು ಅಚ್ಚಿನ ಮೇಲೆ ಎಳೆದು ಕೂರಿಸಲು ಹಲ್ಲಿನ ಲ್ಯಾಬಿನ ವ್ಯಾಕ್ಯೂಮ್ ಮೆಷಿನ್ ಮುಖಕ್ಕೆ ಸಾಲದು. ಪ್ಲೈವುಡ್ ಪೆಟ್ಟಿಗೆ, ಮೇಲೆ ತೂತಿನ ಹಲಗೆ, ಬದಿಗೆ ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರ್, ಇಷ್ಟರಲ್ಲೇ ಆಯಿತು. 3 ಮಿ.ಮೀ. ಪೆಟ್‌ಜಿ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಚೌಕಟ್ಟಿಗೆ ಬಿಗಿದು ಓವನ್‌ನಲ್ಲಿಟ್ಟು, ನಡುವೆ ಎರಡು ಬೆರಳಿನಷ್ಟು ಜೋತುಬಿದ್ದ ಕೂಡಲೇ ಪ್ಲಾಸ್ಟರ್ ಮುಖದ ಮೇಲೆ ಎಳೆಯಬೇಕು. ಪ್ಲಾಸ್ಟರಿನಲ್ಲಿ ಕಣ್ಣಿನ ಮೂಲೆ, ಮೂಗಿನ ಪಕ್ಕದಲ್ಲಿ 1 ಮಿ.ಮೀ. ತೂತು ಮೊದಲೇ ಕೊರೆದಿರಬೇಕು, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ಹಾಳೆ ಅಲ್ಲಿ ಕೂರುವುದಿಲ್ಲ. ಮಾಸ್ಕಿನ ಅಂಚನ್ನು ನಿಮ್ಮ ತುಟಿಗೆ ಒರೆಸಿ ನೋಡಿ. ನಿಮಗೆ ಗೀರಿದರೆ ಮಗುವಿಗೂ ಗೀರುತ್ತದೆ.

ಬಿಗಿತ ನೋಡುವುದು ಹೇಗೆ? ಪುಸ್ತಕಗಳಲ್ಲಿ ಚರ್ಮ ಬಿಳಿಚಿಕೊಳ್ಳುವುದನ್ನು ನೋಡಿ ಎಂದಿರುತ್ತದೆ, ಚಿತ್ರಗಳೂ ಬಿಳಿಯ ಮಕ್ಕಳವೇ. ನಮ್ಮ ಕಂದು ಚರ್ಮದಲ್ಲಿ ಕಲೆ ಕೆಂಪಾಗಿರುವ ಮೊದಲ ತಿಂಗಳುಗಳಲ್ಲಿ ಇದು ಕಾಣುತ್ತದೆ, ಕಲೆ ಕಪ್ಪಿಟ್ಟ ಮೇಲೆ ಕಾಣುವುದಿಲ್ಲ. ಮಾಸ್ಕ್ ತೆಗೆದ ಮೇಲೆ ಒತ್ತಿದ ಗುರುತು ಅರ್ಧ ಗಂಟೆಯಲ್ಲಿ ಮಾಯವಾಗಬೇಕು ಎಂಬುದು ನಮ್ಮ ಲೆಕ್ಕ. ಉಳಿದರೆ ಮಾಸ್ಕಿನ ಆ ಜಾಗವನ್ನು ಹೀಟ್ ಗನ್‌ನಿಂದ ಸಡಿಲಿಸುತ್ತೇವೆ.

ಇನ್ನು ಬೆವರು. ಎಲ್ಲರೂ ಸೋಲುವುದು ಇಲ್ಲೇ. ಗಾಳಿಯಾಡಲೆಂದು 4 ಮಿ.ಮೀ. ತೂತು ಕೊರೆದರೆ ಒಂದೊಂದು ತೂತಿನಲ್ಲೂ ಕಲೆ ಉಬ್ಬಿ ಚುಕ್ಕಿಚುಕ್ಕಿಯಾಗಿ ನಿಲ್ಲುತ್ತದೆ. ಕಲೆಯಿಲ್ಲದ ಹಣೆ, ಎಡಗೆನ್ನೆಯಲ್ಲಿ ಕೊರೆಯಿರಿ, ತೊಂದರೆಯಿಲ್ಲ. ಮಾಸ್ಕಿನ ಒಳಗೆ ಸಿಲಿಕೋನ್ ಶೀಟ್ ಇಟ್ಟರೆ ಏಪ್ರಿಲ್–ಮೇ ತಿಂಗಳಲ್ಲಿ ಎರಡೇ ದಿನಕ್ಕೆ ಬೆವರುಸಾಲೆ. ಅದರ ಬದಲು ಜೆಲ್ಲನ್ನು ತೆಳ್ಳಗೆ ಸವರಿ, ಐದು ನಿಮಿಷ ಆರಿದ ಮೇಲೆ ಮಾಸ್ಕ್. ಹಗಲಲ್ಲಿ ಎರಡು ಗಂಟೆಗೊಮ್ಮೆ ತೆಗೆದು ಹಳೆಯ ಹತ್ತಿ ಪಂಚೆಯ ತುಂಡಿನಿಂದ ಮುಖ, ಮಾಸ್ಕ್ ಎರಡನ್ನೂ ಒರೆಸಿ ಮತ್ತೆ ಹಾಕಬೇಕು. ಒಟ್ಟು 5 ನಿಮಿಷದ ಕೆಲಸ. ಈ ಬಿಡುವುಗಳಿಂದಲೇ ಇಪ್ಪತ್ತು ಗಂಟೆ ಸಾಧ್ಯವಾಯಿತು. ಮೊದಲ ದಿನವೇ ಇಪ್ಪತ್ತು ಕೇಳಬೇಡಿ. ಅರ್ಧ ಗಂಟೆಯಿಂದ ಶುರು, ನಿದ್ದೆ ಬಂದ ಮೇಲೆ ರಾತ್ರಿ, ಆಮೇಲೆ ಹಗಲು. ಸುಮಾರು 3 ವಾರಕ್ಕೆ ಪೂರ್ತಿ ಇಪ್ಪತ್ತು ಗಂಟೆಗೆ ಬಂತು.

ತೊಳೆಯಲು ಉಗುರುಬೆಚ್ಚಗಿನ ನೀರು, ಸೋಪು ಎಂದು ಅಜ್ಜಿಗೂ ಹೇಳಬೇಕು. ಶುದ್ಧವಾಗಲೆಂದು ಕುದಿಯುವ ನೀರಿಗೆ ಹಾಕಿದರೆ ಮಾಸ್ಕ್ ಸುರುಳಿಯಾಗುತ್ತದೆ. ನವರಾತ್ರಿಗೆ ಹುಲಿವೇಷದ ಪಟ್ಟೆ ಬೇಕೆಂದು ಮನೆಯವರು ನೇಲ್ ಪಾಲಿಶ್ ಬಳಿದರೆ ಪ್ಲಾಸ್ಟಿಕ್ ಮಬ್ಬಾಗಿ ಬಿರುಕು ಬಿಡುತ್ತದೆ, ಒಳಗಿನ ಕಲೆಯೂ ಕಾಣುವುದಿಲ್ಲ. ಆದರೆ ಆಸೆ ಒಳ್ಳೆಯದೇ. ಮಾಸ್ಕ್ ಕಟ್ಟುವ ಪಟ್ಟಿಗಳನ್ನೇ ಹಳದಿ–ಕಪ್ಪು ಎಲಾಸ್ಟಿಕ್‌ನಲ್ಲಿ ಹೊಲಿಸಿದೆವು. ಅಂದಿನಿಂದ ಅದು ಮಗುವಿನ ಬಾಯಲ್ಲಿ ‘ನನ್ನ ಹುಲಿ’.

ಮಸಾಜ್ ದಿನಕ್ಕೆ ನಾಲ್ಕು ಸಲ, 5 ನಿಮಿಷ, ವಾಸನೆಯಿಲ್ಲದ ಕ್ರೀಮ್. ಚರ್ಮದ ಮೇಲೆ ಬೆರಳು ಜಾರಬಾರದು, ಚರ್ಮವೇ ಬೆರಳಿನ ಜೊತೆ ಸರಿಯಬೇಕು. ಬಾಯಿಯ ಮೂಲೆಗೆ ಹೆಬ್ಬೆರಳು ಒಳಗಿಟ್ಟು ಹೊರಗೆ ಎಳೆದು ಅರ್ಧ ನಿಮಿಷ ಹಿಡಿಯುವುದು. ಐಸ್‌ಕ್ರೀಮ್ ಕಡ್ಡಿ ಒಂದರ ಮೇಲೊಂದು ಇಟ್ಟು ಹಲ್ಲಿನ ನಡುವೆ ಅಳೆದೆವು: ಶುರುವಿನಲ್ಲಿ 18 ಮಿ.ಮೀ. ಆಸುಪಾಸು, ಆರು ತಿಂಗಳಲ್ಲಿ 35ರ ಹತ್ತಿರ. ಪೀಪಿ, ಸೋಪಿನ ಗುಳ್ಳೆ, ಸ್ಟ್ರಾ ಎಲ್ಲ ಸರಿ, ಆದರೆ ಇಡೀ ಗೋಳಿಬಜೆ ಬಾಯಿಗೆ ಹಿಡಿಸುವ ಪಂದ್ಯದಷ್ಟು ಕೆಲಸ ಯಾವುದೂ ಮಾಡಲಿಲ್ಲ. ಆರಿದ ಬಜೆ ಇರಲಿ, ಪಕ್ಕದಲ್ಲಿ ದೊಡ್ಡವರು ಕೂತಿರಲಿ. ಕಣ್ಣಿನ ಕೆಳರೆಪ್ಪೆ ಹೊರಕ್ಕೆ ತಿರುಗಿದರೆ ಇದ್ಯಾವುದೂ ಸಾಲದು, ಅದೇ ವಾರ ಸರ್ಜನ್ ಹತ್ತಿರ ಕಳಿಸಿ.

ಮನಸ್ಸಿನ ವಿಷಯವನ್ನು ಕೊನೆಗೆ ನೋಡಿಕೊಳ್ಳೋಣ ಎನ್ನುವವರು ಮಾಸ್ಕನ್ನೂ ಕಳೆದುಕೊಳ್ಳುತ್ತಾರೆ. ಮಗು ಒಪ್ಪದಿದ್ದರೆ ಎಷ್ಟು ಒಳ್ಳೆಯ ಮಾಸ್ಕ್ ಆದರೂ ಕಪಾಟಿನಲ್ಲೇ. ನೋವಿನ ಕೆಲಸ ಹಾಸಿಗೆಯಲ್ಲಿ ಬೇಡ, ಬೇರೆ ಚಾಪೆ ಇರಲಿ. ಮಲಗುವ ಜಾಗ ಭಯದ ಜಾಗ ಆಗಬಾರದು. ಮಗು ಕೈ ಎತ್ತಿದರೆ ನಿಲ್ಲಿಸಬೇಕು, ಹತ್ತು ಎಣಿಸಿ ಮುಂದುವರಿಸಬೇಕು. ಒಮ್ಮೆ ನಿಲ್ಲಿಸದೆ ಮೋಸ ಮಾಡಿದರೂ ನಂಬಿಕೆ ಹೋಯಿತು. ಪ್ಲಾಸ್ಟರ್ ಮುಖದ ಮೇಲೆ ಮೊದಲು ಮಗುವೇ ಕ್ರೀಮ್ ಹಚ್ಚಲಿ. ಮನೆಯವರು ಕನ್ನಡಿಗೆ ಬಟ್ಟೆ ಹೊದಿಸಿದ್ದರೆ ತೆಗೆಸಿ. ಕೈಗನ್ನಡಿಯಲ್ಲಿ ಮೊದಲು ಹಲ್ಲು, ಕಣ್ಣು, ಆಮೇಲೆ ಕೆನ್ನೆ. ಮಗು ‘ಇದು ಹೋಗುತ್ತಾ?’ ಎಂದು ಕೇಳಿದರೆ ‘ಪೂರ್ತಿ ಹೋಗಲ್ಲ, ಮೆತ್ತಗಾಗುತ್ತೆ’ ಎಂದೇ ಹೇಳಬೇಕು.

ಬೆಚ್ಚಿ ಏಳುವುದು, ಹಾಸಿಗೆ ಒದ್ದೆ ಮಾಡುವುದು ಮೊದಲ ವಾರಗಳಲ್ಲಿ ಸಾಮಾನ್ಯ. ತಿಂಗಳು ಕಳೆದರೂ ಕಡಿಮೆಯಾಗದಿದ್ದರೆ ಮಕ್ಕಳ ಮಾನಸಿಕ ತಜ್ಞರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗವಿದೆ.

ಅಂಗನವಾಡಿಗೆ ಮಗುವಿಗಿಂತ ಮೊದಲು ಮಾಸ್ಕ್ ಹೋಗಬೇಕು. ಟೀಚರ್ ಒಪ್ಪಿಗೆಯಿಂದ ಹಳೆಯ ಮಾಸ್ಕ್ ಒಯ್ದು ಎಲ್ಲ ಮಕ್ಕಳಿಗೂ ಮುಟ್ಟಲು ಕೊಟ್ಟೆವು. ಮರುದಿನ ಮಗು ಒಂದು ಗಂಟೆ ಮಾತ್ರ ಹೋಯಿತು. ಉತ್ತರ ಮೊದಲೇ ಬಾಯಿಪಾಠ: ‘ಬಿಸಿ ಗಂಜಿ ಬಿತ್ತು. ಈಗ ನೋವಿಲ್ಲ. ಆಟಕ್ಕೆ ಬರ್ತೀಯಾ?’ ಮೂರನೆಯ ವಾಕ್ಯ ಬಿಡಬೇಡಿ, ಮಾತು ಮುಖದಿಂದ ಆಟಕ್ಕೆ ತಿರುಗುವುದು ಅದರಿಂದಲೇ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಇದ್ದರೆ ಆ ಭಾಷೆಯಲ್ಲೇ ಕಲಿಸಿ. ಮದುವೆ ಮನೆಯಲ್ಲಿ ‘ಅಯ್ಯೋ ಪಾಪ, ಹೆಣ್ಣು ಮಗು ಬೇರೆ’ ಎನ್ನುವವರಿಗೆ ಅಮ್ಮನೂ ಒಂದು ಮಾತು ಸಿದ್ಧವಾಗಿಟ್ಟುಕೊಳ್ಳಬೇಕು: ‘ಅವಳು ಕೇಳಿಸ್ಕೊಳ್ತಾಳೆ, ಅವಳ ಹತ್ರಾನೇ ಮಾತಾಡಿ.’

ದುಡ್ಡಿನ ಲೆಕ್ಕ: ಪ್ರಿಂಟ್, ಪ್ಲಾಸ್ಟರ್, ಹಾಳೆ, ಪಟ್ಟಿ ಸೇರಿ ಒಂದು ಮಾಸ್ಕಿಗೆ ಸುಮಾರು 2,500 ರೂಪಾಯಿ. ಮುಖ ಬೆಳೆಯುವುದರಿಂದ ನಾಲ್ಕು ತಿಂಗಳಿಗೊಂದು ಹೊಸದು. ಹೊರಗಿನಿಂದ ತರಿಸಲು ಕೇಳಿದಾಗ ಹತ್ತರಷ್ಟು ಹೇಳಿದ್ದರು. ಮನೆಯವರಿಗೆ ಇದಕ್ಕಿಂತ ಭಾರವಾಗಿದ್ದು ಬಸ್ ಚಾರ್ಜು ಮತ್ತು ತಪ್ಪಿದ ಬೀಡಿ ಕೂಲಿ. ಮೊದಲ ತಿಂಗಳ ನಂತರ ಎರಡು ಭೇಟಿಗಳಲ್ಲಿ ಒಂದನ್ನು ವಾಟ್ಸಾಪ್ ಫೋಟೊಗೆ ಬದಲಿಸಿದೆವು. ಅದೇ ಕಿಟಕಿ, ಅದೇ ಹೊತ್ತು, ಮೂರು ಕೋನ, ಪಕ್ಕದಲ್ಲಿ ಬಿಳಿ ಕಾಗದ ಮತ್ತು ಸ್ಕೇಲು. ಕಾಗದ ಇಲ್ಲದಿದ್ದರೆ ಕೆಂಪು ಇಳಿದಿದೆಯೋ ಬೆಳಕು ಬದಲಾಗಿದೆಯೋ ತಿಳಿಯುವುದಿಲ್ಲ.

ಗದ್ದದ ಮೇಲಿನ ಒತ್ತಡ ಬೆಳೆಯುವ ದವಡೆಯ ಮೇಲೂ ಬೀಳುತ್ತದೆ. ಆರು ತಿಂಗಳಿಗೊಮ್ಮೆ ದಂತವೈದ್ಯರು ಹಲ್ಲಿನ ಜೋಡಣೆ ನೋಡಲೇಬೇಕು. ಹದಿನಾಲ್ಕು ತಿಂಗಳ ಹೊತ್ತಿಗೆ ಕಲೆ ಮೆತ್ತಗಾಗಿ ಕೆಂಪು ಇಳಿದಿತ್ತು. ಮೊದಲು ಹಗಲಿನ ಮಾಸ್ಕ್ ನಿಲ್ಲಿಸಿ ಒಂದು ತಿಂಗಳು ರಾತ್ರಿ ಮಾತ್ರ, ಆಮೇಲೆ ಎರಡು ವಾರ ಪೂರ್ತಿ ಬಿಟ್ಟು ಫೋಟೊ ಹೋಲಿಸಿದೆವು. ಕೆನ್ನೆ ಹಾಗೇ ನಿಂತಿತು. ಬಾಯಿಯ ಮೂಲೆಯಲ್ಲಿ ಒಂದು ಎಳೆ ಮತ್ತೆ ಕೆಂಪೇರಿ ಗಟ್ಟಿಯಾಯಿತು, ಅಲ್ಲಿಗೆ ಇನ್ನೂ ರಾತ್ರಿ ಮಾಸ್ಕ್, ಹಗಲು ಮಸಾಜ್ ನಡೆಯುತ್ತಿದೆ.