ಕಾಯಿ ಒಡೆಯುವ ಮುಂಚೆಯೇ ಹತ್ತಿ ತಳಿ ಆರಿಸುವುದು ಹೇಗೆ?

ಬೆಂಗಳೂರಿನಲ್ಲಿ ಈಗ ಹತ್ತಿ ಹೊಲ ಕಾಣುವುದು ಕಷ್ಟ. ಅರಳೆಪೇಟೆ, ಕಾಟನ್‌ಪೇಟೆ ಅನ್ನೋ ಹೆಸರು ಉಳಿದಿವೆ. ಆದರೆ ಹಾವೇರಿ, ರಾಯಚೂರಿನ ಹೊಲಕ್ಕೆ ಬೇಕಾದ ತಳಿಯನ್ನು ಬೇಗ ಆರಿಸುವ ಕೆಲಸ ಇಲ್ಲಿನ ಲ್ಯಾಬಿನಲ್ಲೂ ಆಗುತ್ತದೆ. ಹಳೇ ಪದ್ಧತಿಯಲ್ಲಿ ಒಂದು ತಳಿಗೆ 8-10 ವರ್ಷ ಬೇಕು. ಅಷ್ಟು ಕಾಯೋದು ರೈತರಿಗೆ ದುಬಾರಿ.

ಮೊದಲು ಜೋಡಿ ಆರಿಸಿ. ನಮ್ಮ ಹೊಲಕ್ಕೆ ಒಗ್ಗಿದ ತಳಿ ಒಂದು. ಉದ್ದ, ಗಟ್ಟಿ ಎಳೆಯ ಬಾರ್ಬಡೆನ್ಸ್ ಅನ್ನೋ ಜಾತಿಯ ಹತ್ತಿ ಇನ್ನೊಂದು. ಇಂಥ ಜೋಡಿಯಿಂದಲೇ 1972ರಲ್ಲಿ ಧಾರವಾಡದ 'ವರಲಕ್ಷ್ಮಿ' ಬಂತು. ಆದರೆ ಅದು ಹೈಬ್ರಿಡ್, ಪ್ರತಿ ವರ್ಷ ಬೀಜ ಕೊಳ್ಳಬೇಕು. ನಮಗೆ ಬೇಕಿರುವುದು ರೈತರು ಮನೆಯಲ್ಲೇ ಬೀಜ ಇಟ್ಟುಕೊಳ್ಳಬಹುದಾದ ತಳಿ.

ಕ್ರಾಸಿಂಗ್ ಕೈಯಿಂದಲೇ ಆಗಬೇಕು. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಬುಡದ ಸುತ್ತ ಸೀಳಿ. ದಳ, ಕೇಸರ ಒಟ್ಟಿಗೇ ಟೋಪಿಯಂತೆ ಕಳಚಿ ಬರುತ್ತವೆ. ಒಳಗಿನ ಎಳೆಗಾಯಿಗೆ ಉಗುರು ತಾಗಬಾರದು. ಕಾಗದದ ಚೀಲ ತೊಡಿಸಿ, ಮರುದಿನ ಬೆಳಿಗ್ಗೆ ಗಂಡು ತಳಿಯ ಪರಾಗ ಸವರಿ. ರಾಣೆಬೆನ್ನೂರು ಕಡೆಯ ಹೆಣ್ಣುಮಕ್ಕಳ ಕೈಚಳಕ ನೋಡಿದರೆ ಈ ಕೆಲಸದ ಬೆಲೆ ಗೊತ್ತಾಗುತ್ತದೆ.

ಹೀಗೆ ಬಂದ ಗಿಡವನ್ನು ಮತ್ತೆ ನಮ್ಮ ತಳಿಗೇ ಕ್ರಾಸ್ ಮಾಡಿ. ಈ ಸಲದ ಸಸಿಗಳು ಒಂದೊಂದೂ ಬೇರೆ. ಮುಂಚೆ ಐದಾರು ತಿಂಗಳು ಕಾದು, ಕಾಯಿ ಒಡೆದ ಮೇಲೆ ಎಳೆ ಅಳೆಯಬೇಕಿತ್ತು. ಈಗ ಡಿಎನ್‌ಎ ಪರೀಕ್ಷೆಗೆ ಎರಡು ವಾರದ ಸಸಿಯಿಂದ ಉಗುರಗಲದ ಎಲೆ ಸಾಕು. ಚಿಗುರೆಲೆಯನ್ನೇ ಕೀಳಿ. ಬಲಿತ ಹತ್ತಿ ಎಲೆಯಲ್ಲಿ ಒಗರು ಜಾಸ್ತಿ. ಡಿಎನ್‌ಎ ಕಂದಾಗಿ ಅಂಟಂಟಾಗುತ್ತದೆ, ಡಿಎನ್‌ಎ ನಕಲು ಮಾಡುವ ಪಿಸಿಆರ್ ಕೈಕೊಡುತ್ತದೆ. ಎಲೆಗೂ ಗಿಡಕ್ಕೂ ಒಂದೇ ನಂಬರ್ ಹಚ್ಚಿ. ಇಲ್ಲಿ ಅದಲುಬದಲಾದರೆ ಹಂಗಾಮೇ ಹಾಳು.

ಪಿಸಿಆರ್ ಯಂತ್ರ ಬೇಕಾದ ಡಿಎನ್‌ಎ ತುಣುಕನ್ನು ಕೋಟಿಗಟ್ಟಲೆ ನಕಲು ಮಾಡುತ್ತದೆ. ಅದನ್ನು ಜೆಲ್ ಅನ್ನೋ ಲೋಳೆಯಂಥ ಪದರದಲ್ಲಿ ಓಡಿಸಿದರೆ ಗೆರೆ ಕಾಣುತ್ತದೆ. ಒಳ್ಳೆ ಎಳೆಯ ಜೀನಿಗೆ ಅಂಟಿಕೊಂಡೇ ಬರುವ ಈ ಗುರುತೇ ಮಾರ್ಕರ್. ಎಳೆಯ ಉದ್ದ ಒಂದೇ ಜೀನಿನ ಕೆಲಸವಲ್ಲ, ಹಾಗಾಗಿ ಹಲವು ಮಾರ್ಕರ್ ನೋಡಿ. ಗುರುತು ಇರುವ ಸಸಿ ಉಳಿಸಿ, ಮತ್ತೆ ಕ್ರಾಸ್ ಮಾಡಿ. ಸುಮ್ನೆ ಕ್ರಾಸ್ ಮಾಡುತ್ತಾ ಹೋದರೆ ನಮ್ಮ ತಳಿಯ ಗುಣ ಶೇ 99ರಷ್ಟು ಮರಳಲು ಆರು ಸಲ ಬೇಕು. ಮಾರ್ಕರ್ ನೋಡಿ ಆರಿಸಿದರೆ ಮೂರು ಸಲಕ್ಕೇ ಹತ್ತಿರ ಬರಬಹುದು.

ಇದೂ ಬಿಟಿನೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. 2002ರಲ್ಲಿ ಬಂದ ಬಿಟಿ ಹತ್ತಿಯಲ್ಲಿರುವುದು ಬ್ಯಾಕ್ಟೀರಿಯಾದ ಜೀನ್. ಇಲ್ಲಿ ಹತ್ತಿಗೆ ಹತ್ತಿಯದ್ದೇ ಗುಣ.

ಕೊನೆಗೆ ಮೊಗ್ಗಿನ ತುದಿಗೆ ದಾರ ಕಟ್ಟಿ, ಹೂವು ತನ್ನ ಪರಾಗದಲ್ಲೇ ಕಾಯಿ ಕಟ್ಟಲಿ. ಗುಣ ನಿಂತ ಮೇಲೆ ಆ ಬೀಜವನ್ನು ಎರೆ ಹೊಲಕ್ಕೆ ಒಯ್ಯಿರಿ. ಮಳೆ, ಜಿಗಿಹುಳು ತಾಳುತ್ತದಾ ಅಂತ ಲ್ಯಾಬ್ ಹೇಳುವುದಿಲ್ಲ. ಪಕ್ಕದ ಸಾಲಿನಲ್ಲಿ ರೈತರ ಈಗಿನ ತಳಿಯನ್ನೂ ಬಿತ್ತಿ, ಎರಡರ ಹತ್ತಿಯನ್ನೂ ಬೇರೆ ಬೇರೆ ಬಿಡಿಸಿ ತೂಗಿ ನೋಡಿ.