ಬೊಜ್ಜು ವಂಶದಿಂದ ಬಂದದ್ದೇ? ಹಾಗಿದ್ದರೆ ಸಿಹಿ ಪಾನೀಯದ ಲೆಕ್ಕ ಇನ್ನೂ ಮುಖ್ಯ

ಅಪ್ಪ, ಅಜ್ಜಿ, ಸೋದರತ್ತೆ ಎಲ್ಲರೂ ದಪ್ಪಗಿರುವ ಮನೆಯಲ್ಲಿ 'ನಮ್ಮದು ವಂಶದಿಂದ ಬಂದ ಮೈ, ಏನು ಮಾಡಿದರೂ ಇಳಿಯುವುದಿಲ್ಲ' ಎಂಬ ಮಾತು ಬೇಗ ಬೇರೂರುತ್ತದೆ. ಈ ಮಾತಿನ ಮೊದಲರ್ಧ ನಿಜವಿರಬಹುದು. ಎರಡನೆಯ ಅರ್ಧವನ್ನು ಮಾತ್ರ ಒಪ್ಪಬೇಕಾಗಿಲ್ಲ. 2012ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ದೇಹತೂಕದೊಂದಿಗೆ ನಂಟಿರುವ 32 ಜೀನ್ ವ್ಯತ್ಯಾಸಗಳನ್ನು ಸಾವಿರಾರು ದಾದಿಯರು ಮತ್ತು ವೈದ್ಯಕೀಯ ವೃತ್ತಿಯವರಲ್ಲಿ ಎಣಿಸಿ, ಅವರು ಕುಡಿಯುತ್ತಿದ್ದ ಸಿಹಿ ಪಾನೀಯದ ಪ್ರಮಾಣದೊಂದಿಗೆ ಹೋಲಿಸಿ ನೋಡಿತು. ತೂಕ ಹೆಚ್ಚಿಸುವ ಜೀನ್ ರೂಪಗಳು ಒಬ್ಬರಲ್ಲಿ ಹತ್ತು ಹೆಚ್ಚಿದ್ದಾಗ, ತಿಂಗಳಿಗೆ ಒಂದು ಸಲಕ್ಕಿಂತಲೂ ಕಡಿಮೆ ಕುಡಿಯುವವರಲ್ಲಿ ಎತ್ತರಕ್ಕೆ ತಕ್ಕ ತೂಕವನ್ನು ಅಳೆಯುವ ದೇಹತೂಕ ಸೂಚ್ಯಂಕ (ಬಿಎಂಐ) ಸುಮಾರು 1 ಅಂಶ ಏರಿತ್ತು. ದಿನಕ್ಕೆ ಒಂದು ಅಥವಾ ಅದಕ್ಕಿಂತ ಹೆಚ್ಚು ಸಲ ಕುಡಿಯುವವರಲ್ಲಿ ಅದೇ ಏರಿಕೆ 1.78 ಅಂಶದಷ್ಟಿತ್ತು.

ಇದು ಜನರ ರೂಢಿಯನ್ನು ಗಮನಿಸಿ ಮಾಡಿದ ಅಧ್ಯಯನವಾದ್ದರಿಂದ ಪಾನೀಯವೊಂದೇ ಕಾರಣ ಎಂದು ಇದರಿಂದ ಸಾಧಿಸಲಾಗದು. ಭಾಗವಹಿಸಿದವರು ಯುರೋಪ್ ಮೂಲದವರು ಎಂಬುದನ್ನೂ ನೆನಪಿಡಬೇಕು. ಆದರೂ ಜೀನುಗಳ ಪ್ರಭಾವವು ಎಲ್ಲರಲ್ಲೂ ಒಂದೇ ಅಳತೆಯಲ್ಲಿ ಇರುವುದಿಲ್ಲ, ನಮ್ಮ ರೂಢಿಗಳು ಅದನ್ನು ಹಿಗ್ಗಿಸಬಲ್ಲವು ಎಂಬುದು ಇಲ್ಲಿ ಕಣ್ಣಿಗೆ ಬೀಳುತ್ತದೆ. ಬೊಜ್ಜಿನ ಒಲವಿರುವವರು ಕೈಚೆಲ್ಲಿ ಕೂರಲು ಇದು ಕಾರಣವಲ್ಲ. ಸಿಹಿ ಪಾನೀಯ ಬಿಟ್ಟರೆ ಅವರಿಗೇ ಹೆಚ್ಚು ಲಾಭವಾದೀತು ಎಂಬುದು ನನ್ನ ದೃಢವಾದ ನಂಬಿಕೆ.

ಮೊದಲ ಹೆಜ್ಜೆ: ಕುಟುಂಬದ ಚಿತ್ರ ಬರೆಯಿರಿ. ದುಬಾರಿ ಜೀನ್ ಪರೀಕ್ಷೆಯ ಅಗತ್ಯವಿಲ್ಲ. ತಂದೆ ತಾಯಿ, ಅಜ್ಜ ಅಜ್ಜಿ, ಒಡಹುಟ್ಟಿದವರಲ್ಲಿ ಯಾರಿಗೆ ಬೊಜ್ಜು ಅಥವಾ ಮಧುಮೇಹ ಇತ್ತು, ಯಾವ ವಯಸ್ಸಿನಲ್ಲಿ ಬಂತು ಎಂದು ಬರೆದುಕೊಂಡರೆ ಸಾಕು. ಬೊಜ್ಜಿನೊಂದಿಗೆ ನಂಟಿದೆ ಎಂದು 2007ರಲ್ಲಿ ಪತ್ತೆಯಾದ ಎಫ್‌ಟಿಒ ಎಂಬ ಜೀನಿನ ವ್ಯತ್ಯಾಸವನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರು ಸರಾಸರಿ ಸುಮಾರು 3 ಕಿಲೊ ಮಾತ್ರ ಹೆಚ್ಚು ತೂಗುತ್ತಾರೆ. ಸಾಮಾನ್ಯ ಬೊಜ್ಜಿನಲ್ಲಿ ಇಂಥ ಅನೇಕ ಜೀನುಗಳು ಸ್ವಲ್ಪ ಸ್ವಲ್ಪವಾಗಿ ಸೇರಿ ಕೆಲಸ ಮಾಡುತ್ತವೆಯಾದ್ದರಿಂದ ಒಂದು ಜೀನಿನ ಹೆಸರು ತಿಳಿದು ಹೆಚ್ಚೇನೂ ಆಗಬೇಕಾದದ್ದಿಲ್ಲ.

ಎರಡನೆಯ ಹೆಜ್ಜೆ: ಒಂದು ವಾರದ ಲೆಕ್ಕ ಇಡಿ. ತಂಪು ಪಾನೀಯ, ಪ್ಯಾಕೆಟ್ಟಿನ ಹಣ್ಣಿನ ರಸ, ಎನರ್ಜಿ ಡ್ರಿಂಕ್, ಸಕ್ಕರೆ ಹಾಕಿದ ಕಾಫಿ, ಟೀ ಎಲ್ಲವನ್ನೂ ಕುಡಿದ ಕೂಡಲೇ ಮಿಲಿಲೀಟರಿನಲ್ಲಿ ಬರೆದಿಡಿ. ರಾತ್ರಿ ನೆನಪಿಸಿಕೊಂಡು ಬರೆಯಲು ಕುಳಿತರೆ ಅರ್ಧ ಮರೆತುಹೋಗಿರುತ್ತದೆ.

ಮೂರನೆಯ ಹೆಜ್ಜೆ: ಲೇಬಲ್ ಓದಿ ಸಕ್ಕರೆ ತೂಗಿ. ಇದರಲ್ಲಿ ಆತುರ ಬೇಡ. ಬಾಟಲಿಯ ಹಿಂಬದಿಯ ಪಟ್ಟಿಯಲ್ಲಿ '100 ಮಿ.ಲೀ.ಗೆ ಸಕ್ಕರೆ 10.6 ಗ್ರಾಂ' ಎಂದು ಇದೆ ಎಂದಿಟ್ಟುಕೊಳ್ಳಿ. ಓದುವಾಗ ಹತ್ತು ಗ್ರಾಂ ಎಂಬುದು ಸಣ್ಣ ಸಂಖ್ಯೆ ಎನಿಸುತ್ತದೆ, ಆದರೆ ಕೈಯಲ್ಲಿರುವುದು 600 ಮಿ.ಲೀ. ಬಾಟಲಿ. 10.6ನ್ನು ಆರರಿಂದ ಗುಣಿಸಿದರೆ 63.6 ಗ್ರಾಂ ಆಗುತ್ತದೆ. ಒಂದು ಟೀ ಚಮಚಕ್ಕೆ 4 ಗ್ರಾಂ ಎಂದು ಹಿಡಿದು, ಒಮ್ಮೆಯಾದರೂ ಖಾಲಿ ಲೋಟಕ್ಕೆ ಹದಿನಾರು ಚಮಚ ಸಕ್ಕರೆಯನ್ನು ಒಂದೊಂದಾಗಿ ಎಣಿಸಿ ಹಾಕಿ ನೋಡಿ. ಲೋಟದ ತಳದಿಂದ ಮೇಲೇರುವ ಆ ಬಿಳಿ ರಾಶಿ ಮನಸ್ಸಿನಲ್ಲಿ ಉಳಿಯುವಷ್ಟು ಲೇಬಲ್ಲಿನ ಅಂಕಿ ಉಳಿಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯ ಪ್ರಕಾರ ಸೇರಿಸಿದ ಸಕ್ಕರೆ, ಜೇನುತುಪ್ಪ ಮತ್ತು ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು. 2000 ಕಿಲೊಕ್ಯಾಲರಿ ಸೇವಿಸುವವರಿಗೆ ಇದು 50 ಗ್ರಾಂ. ಆ ಒಂದು ಬಾಟಲಿಯೇ ಈ ಮಿತಿಯನ್ನು ದಾಟಿಬಿಡುತ್ತದೆ. ಕೆಲವು ಲೇಬಲ್‌ಗಳಲ್ಲಿ ಇಡೀ ಬಾಟಲಿಗಲ್ಲದೆ 'ಒಂದು ಸರ್ವಿಂಗ್'ಗೆ ಮಾತ್ರ ಅಂಕಿ ಕೊಟ್ಟಿರುತ್ತಾರಾದ್ದರಿಂದ ಬಾಟಲಿಯಲ್ಲಿ ಎಷ್ಟು ಸರ್ವಿಂಗ್ ಇದೆ ಎಂಬುದನ್ನೂ ನೋಡಬೇಕು.

ನಾಲ್ಕನೆಯ ಹೆಜ್ಜೆ: ದ್ರವದ ಸಕ್ಕರೆಯನ್ನು ಮೊದಲು ಬಿಡಿ. ಕುಡಿದ ಸಕ್ಕರೆಯು ಅಗಿದು ತಿಂದ ಸಕ್ಕರೆಯಷ್ಟು ಹೊಟ್ಟೆ ತುಂಬಿದ ಭಾವ ಕೊಡುವುದಿಲ್ಲ. 2000ನೆಯ ಇಸವಿಯಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗದಲ್ಲಿ 15 ಮಂದಿ ನಾಲ್ಕು ವಾರ ದಿನಕ್ಕೆ 450 ಕಿಲೊಕ್ಯಾಲರಿಯನ್ನು ಜೆಲ್ಲಿ ಮಿಠಾಯಿಯ ರೂಪದಲ್ಲಿ, ಮತ್ತೆ ನಾಲ್ಕು ವಾರ ಸೋಡಾದ ರೂಪದಲ್ಲಿ ಸೇವಿಸಿದರು. ಮಿಠಾಯಿ ತಿಂದಾಗ ಉಳಿದ ಊಟ ತಾನಾಗಿಯೇ ಕಡಿಮೆಯಾಯಿತು. ಸೋಡಾ ಕುಡಿದಾಗ ಊಟ ಕಡಿಮೆಯಾಗದೆ ತೂಕ ಏರಿತು. ಮಕ್ಕಳಿಗೂ ಇದು ಅನ್ವಯಿಸುತ್ತದೆ. ನೆದರ್‌ಲೆಂಡ್ಸ್‌ನ 641 ಮಕ್ಕಳ ಪ್ರಯೋಗದಲ್ಲಿ ದಿನಕ್ಕೆ 250 ಮಿ.ಲೀ. ಸಕ್ಕರೆ ಪಾನೀಯ ಕುಡಿದವರ ತೂಕ 18 ತಿಂಗಳಲ್ಲಿ ಸರಾಸರಿ 7.37 ಕಿಲೊ ಏರಿದರೆ, ಸಕ್ಕರೆರಹಿತ ಪಾನೀಯ ಕುಡಿದವರದು 6.35 ಕಿಲೊ ಏರಿತು.

ದಿನಾ ಕುಡಿಯುವ ಅಭ್ಯಾಸವಿದ್ದರೆ ವಾರಕ್ಕೆ ಒಂದು ದಿನದಂತೆ ಕಡಿಮೆ ಮಾಡುತ್ತ ಆ ಹೊತ್ತಿಗೆ ತಣ್ಣನೆಯ ನೀರು ಕುಡಿಯಿರಿ. ಕಾಫಿ, ಟೀಗೆ ಹಾಕುವ ಸಕ್ಕರೆಯನ್ನು ಎರಡು ವಾರಕ್ಕೊಮ್ಮೆ ಅರ್ಧ ಚಮಚ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ರಸ ಹಿಂಡುವ ಬದಲು ಹಣ್ಣನ್ನೇ ತಿನ್ನುವುದು ಲೇಸು.

ಐದನೆಯ ಹೆಜ್ಜೆ: ಅಳೆಯಿರಿ, ಆದರೆ ದಿನಾ ಬೇಡ. ವಾರಕ್ಕೊಮ್ಮೆ ಬೆಳಿಗ್ಗೆ ಒಂದೇ ಹೊತ್ತಿಗೆ ತೂಕ, ತಿಂಗಳಿಗೊಮ್ಮೆ ಸೊಂಟದ ಸುತ್ತಳತೆ ಬರೆದಿಟ್ಟರೆ ಸಾಕು. ಮಕ್ಕಳ ತೂಕದ ಬಗ್ಗೆ ಅವರೆದುರು ಮಾತಾಡದೆ ಮನೆಗೆ ಪಾನೀಯ ತರುವುದನ್ನೇ ಎಲ್ಲರೂ ಸೇರಿ ನಿಲ್ಲಿಸುವುದು ಹೆಚ್ಚು ಸರಿ. ಇನ್ಸುಲಿನ್ ಅಥವಾ ರಕ್ತದ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಈ ಬದಲಾವಣೆಗೆ ಮೊದಲು ವೈದ್ಯರೊಂದಿಗೆ ಮಾತಾಡಬೇಕು. ಸಕ್ಕರೆ ಹಠಾತ್ತನೆ ಇಳಿದು ಕೈನಡುಕ, ಬೆವರು ಬಂದಾಗ ಸಿಹಿ ಪಾನೀಯವೇ ಅವರಿಗೆ ತುರ್ತು ಮದ್ದಾಗಬಹುದಾದ್ದರಿಂದ, ಅಂಥವರ ಕೈಗೆಟುಕುವಲ್ಲಿ ಒಂದು ಸಣ್ಣ ಬಾಟಲಿ ಇರಲೇಬೇಕು.