ಗ್ರೂಪಿನ ಜಗಳವನ್ನು ಅರ್ಜಿಗೆ ಇಳಿಸುವುದು

ಊರಿನ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ‘ರಾಜಕೀಯ ಬೇಡ’ ಎಂದು ಅಡ್ಮಿನ್‌ಗಳು ತಾಕೀತು ಮಾಡುವುದುಂಟು. ನಮ್ಮ ಗ್ರೂಪಿನಲ್ಲಿ ನಾವು ಹಾಗೆ ಮಾಡುವುದಿಲ್ಲ. ಪಂಚಾಯಿತಿ ಮೆಟ್ಟಿಲು ಹತ್ತುವಷ್ಟು ಸಿಟ್ಟಿರುವವರು ಸಿಗುವುದು ಆ ಜಗಳದಲ್ಲೇ. ಆದರೆ ‘ಯಾವ ಪಕ್ಷದವರು ಕಳ್ಳರು’ ಎಂಬುದಕ್ಕೆ ಯಾವ ಕಚೇರಿಯೂ ಉತ್ತರ ಕೊಡುವುದಿಲ್ಲ. ‘ಈ ಬೀದಿಯ ಚರಂಡಿಗೆ ಬಿಲ್ ಎಷ್ಟಾಯಿತು’ ಎಂದರೆ ಕೊಡಲೇಬೇಕು.

ಹಾಗಾಗಿ ವಾದ ಕಾವೇರಿದಾಗ ಕಾಮಗಾರಿ ಯಾವುದು, ಯಾವ ವರ್ಷದ್ದು ಎಂದಷ್ಟೇ ಕೇಳುತ್ತೇವೆ. ಉತ್ತರ ಬಂದರೆ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ; ಶುಲ್ಕ 10 ರೂಪಾಯಿ. ಗ್ರೂಪಿನವರು ಕರಡು ಬರೆದರೆ ಚರಂಡಿ, ಬೀದಿದೀಪ, ನೀರು ಎಲ್ಲವೂ ಒಂದೇ ಹಾಳೆಗೆ ಬರುತ್ತವೆ, ಅಲ್ಲೇ ಅರ್ಜಿ ಕೆಡುತ್ತದೆ.

‘ಏಕೆ ಕಳಪೆಯಾಗಿದೆ?’ ಎಂದು ಕೇಳಬಾರದು. ಕಾಯ್ದೆ ಕೊಡಿಸುವುದು ದಾಖಲೆಯನ್ನು, ಸಮಜಾಯಿಷಿಯನ್ನಲ್ಲ. ನಾವು ಬರೆಯುವುದು ಹೀಗೆ: ‘ಇಂಥ ವಾರ್ಡಿನ ಇಂಥ ಬೀದಿಯ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಸಿದ ಬಿಲ್ಲಿನ ದೃಢೀಕೃತ ನಕಲು ಕೊಡಿ.’ ಇವುಗಳಲ್ಲಿ ಅಳತೆ ಪುಸ್ತಕವೇ ಮುಖ್ಯ. ಅದರಲ್ಲಿ ಬರೆದ ಉದ್ದ, ಅಗಲ, ಆಳ ಹಿಡಿದು ಟೇಪಿನೊಂದಿಗೆ ಬೀದಿಗೆ ಹೋದರೆ, ಪಕ್ಷ ಯಾವುದಾದರೂ ಅಳತೆ ಒಂದೇ.

ಸ್ವೀಕೃತಿ ಸಹಿ, ಮೊಹರು ಪಡೆಯದೆ ಕಚೇರಿಯಿಂದ ಹೊರಬರಬೇಡಿ; ಉತ್ತರ ಕೊಡಲು ಕಚೇರಿಗೆ ಇರುವ 30 ದಿನದ ಲೆಕ್ಕ ಹಾಕುವುದು ಅದರಿಂದಲೇ. ಗಡುವು ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು, ಮುಂದಿನ 30 ದಿನದೊಳಗೆ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಬಹುದು. ಹೆಚ್ಚಿನವರು ಕೈಬಿಡುವುದು ಇಲ್ಲೇ, ಅಷ್ಟರಲ್ಲಿ ಗ್ರೂಪಿನಲ್ಲಿ ಬೇರೆ ಜಗಳ ಹತ್ತಿರುತ್ತದೆ. ಗಡುವಿನ ದಿನಾಂಕವನ್ನು ಪಿನ್ ಮಾಡಿಡುತ್ತೇವೆ.

ಉತ್ತರ ಬಂದಾಗ ಅರ್ಜಿದಾರರ ವಿಳಾಸ, ಫೋನ್ ನಂಬರ್ ಮುಚ್ಚಿ, ಪುಟಸಂಖ್ಯೆ ಕಾಣುವಂತೆ ಪೂರ್ತಿ ಹಾಳೆಯನ್ನೇ ಹಾಕುತ್ತೇವೆ. ಕತ್ತರಿಸಿದ ಸ್ಕ್ರೀನ್‌ಶಾಟ್ ಎರಡನೇ ಫಾರ್ವರ್ಡಿಗೇ ಯಾವುದೋ ಪಕ್ಷದ ಪೋಸ್ಟರ್ ಆಗಿಬಿಡುತ್ತದೆ.

ಆಮೇಲೆ ಗ್ರಾಮಸಭೆ. ಗ್ರೂಪಿನಲ್ಲಿ ಹೆಬ್ಬೆರಳು ಒತ್ತಿದವರೆಲ್ಲ ಬರುತ್ತಾರೆಂದು ನಂಬಬೇಡಿ. ಆ ಬೀದಿಯವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಬೇಕು. ಮಾತಾಡಲು ಒಬ್ಬರು ಸಾಕು, ಮೇಲಾಗಿ ಆ ಬೀದಿಯ ಹೆಣ್ಣುಮಗಳೇ ಆದರೆ ಒಳ್ಳೆಯದು. ಅಧ್ಯಕ್ಷರು ‘ನೋಡೋಣ’ ಎಂದರೆ ಅದನ್ನೂ ನಡಾವಳಿ ಪುಸ್ತಕಕ್ಕೆ ಬರೆಸಿ, ಓದಿಸಿ. ಖಾಲಿ ಹಾಳೆಗೆ ಮಾತ್ರ ಸಹಿ ಹಾಕಬೇಡಿ.